ಗಾಜಿನ ಎಳೆಯ ನಡುವೆ ಬರೀ ಗಾಳಿಯಿದ್ದರೆ ಬೆಳಕು ಸೋರಿಹೋಗುವುದಿಲ್ಲವೇ?

ಪ್ರಶ್ನೆ: ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಒಳಗೇ ಉಳಿಯಬೇಕಾದರೆ ತಿರುಳಿನ ವಕ್ರೀಭವನ ಸೂಚ್ಯಂಕವು (ವಸ್ತುವೊಂದು ಬೆಳಕಿನ ವೇಗವನ್ನು ಎಷ್ಟು ತಗ್ಗಿಸುತ್ತದೆ ಎಂಬ ಅಳತೆ) ಹೊದಿಕೆಯದಕ್ಕಿಂತ ಹೆಚ್ಚಿರಬೇಕು ಎಂದು ಪಾಠದಲ್ಲಿ ಓದಿದ್ದೇನೆ. ಈಗ ತಿರುಳಿನಲ್ಲಿ ಗಾಜೇ ಇಲ್ಲದ ಟೊಳ್ಳು ಫೈಬರ್ ಸಾಮಾನ್ಯ ಫೈಬರನ್ನೂ ಮೀರಿಸಿದೆ ಎಂಬ ಸುದ್ದಿ ನೋಡಿದೆ. ಇದು ಹೇಗೆ ಸಾಧ್ಯ? ಇದರಿಂದ ಏನು ಪ್ರಯೋಜನ?

ಉತ್ತರ: ನೀವು ಓದಿದ ಪಾಠವೂ ಸರಿ, ನೋಡಿದ ಸುದ್ದಿಯೂ ಸರಿ. ಗಾಳಿಯ ತಿರುಳಿಗೆ ಗಾಜಿನ ಹೊದಿಕೆ ಇದ್ದಲ್ಲಿ ಸಂಪೂರ್ಣ ಆಂತರಿಕ ಪ್ರತಿಫಲನ, ಅಂದರೆ ಗಡಿಗೆ ಬಡಿದ ಬೆಳಕೆಲ್ಲ ತಿರುಳಿಗೇ ಮರಳುವುದು, ನಡೆಯುವುದಿಲ್ಲ. ಟೊಳ್ಳು ಫೈಬರ್ ಬೆಳಕನ್ನು ಹಿಡಿದಿಡುವುದು ಬೇರೆಯೇ ತತ್ತ್ವದಿಂದ.

ಗಾಜನ್ನು ಬಿಡಬೇಕಾದದ್ದು ಏಕೆಂದು ಮೊದಲು ನೋಡೋಣ. ಗಾಜಿನಲ್ಲಿ ಬೆಳಕು ನಷ್ಟವಾಗುವುದು ಮುಖ್ಯವಾಗಿ ಕಲ್ಮಶಗಳಿಂದ, ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗೆ (ಶಕ್ತಿಯ ನಷ್ಟದ ಅಳತೆ; ಸುಮಾರು 3 ಡೆಸಿಬೆಲ್ ಎಂದರೆ ಶಕ್ತಿ ಅರ್ಧ) ಇಳಿಸಿದರೆ ಸಂಪರ್ಕಕ್ಕೆ ಬಳಸಬಹುದು ಎಂದು ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ 1966ರಲ್ಲಿ ವಾದಿಸಿದರು. 1970ರಲ್ಲಿ ಕಾರ್ನಿಂಗ್ ಕಂಪನಿಯ ವಿಜ್ಞಾನಿಗಳು ಆ ಗುರಿಯನ್ನು ದಾಟಿದರು. ಮುಂದಿನ ದಶಕಗಳಲ್ಲಿ ಗಾಜು ಶುದ್ಧವಾಗುತ್ತ ಹೋಗಿ, ಅತ್ಯುತ್ತಮ ಫೈಬರ್‌ಗಳಲ್ಲಿ ನಷ್ಟ ಸುಮಾರು 0.14 ಡೆಸಿಬೆಲ್‌ಗೆ ಬಂದು ನಿಂತಿತು. ಕಲ್ಮಶವೇ ಇಲ್ಲದಿದ್ದರೂ, ಕಾದ ಗಾಜು ತಣಿದು ಗಟ್ಟಿಯಾಗುವಾಗ ಅದರ ಸಾಂದ್ರತೆಯ ಸೂಕ್ಷ್ಮ ಏರಿಳಿತಗಳು ಹಾಗೆಯೇ ಉಳಿದುಬಿಡುತ್ತವೆ ಮತ್ತು ಅವು ಬೆಳಕನ್ನು ಚದುರಿಸುತ್ತವೆ. ತರಂಗಾಂತರ ಕಡಿಮೆಯಾದಂತೆ ಈ ಚದುರುವಿಕೆ ಅದರ ನಾಲ್ಕನೇ ಘಾತದ ಪ್ರಮಾಣದಲ್ಲಿ ಏರುತ್ತದೆ. ತರಂಗಾಂತರವನ್ನು ಬಹಳ ಹೆಚ್ಚಿಸಿದರೆ ಗಾಜೇ ಅವಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಈ ಎರಡು ಕಷ್ಟಗಳ ನಡುವೆ, 1550 ನ್ಯಾನೋಮೀಟರಿನ ಆಸುಪಾಸಿನಲ್ಲಿ, ನಷ್ಟ ಅತ್ಯಂತ ಕಡಿಮೆ. ದೂರಸಂಪರ್ಕದವರು ಆ ತರಂಗಾಂತರಕ್ಕೆ ಅಂಟಿಕೊಂಡಿರುವುದು ಅದಕ್ಕಾಗಿಯೇ.

ಬೆಳಕನ್ನು ಗಾಳಿಯಲ್ಲೇ ಸಾಗಿಸುವ ಫೈಬರನ್ನು ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ತಂಡವೊಂದು 1999ರಲ್ಲಿ ಮಾಡಿ ತೋರಿಸಿತು. ಅದರ ಹೊದಿಕೆಯಲ್ಲಿ ಕ್ರಮಬದ್ಧವಾದ ರಂಧ್ರಗಳ ಜಾಲವಿತ್ತು. ಆದರೆ ಗಾಜಿನ ಒಳಮೈಯ ಅತಿಸೂಕ್ಷ್ಮ ಒರಟುತನದಿಂದಾಗಿ ಆ ಬಗೆಯ ಫೈಬರ್‌ಗಳ ನಷ್ಟ ಸುಮಾರು 1.2 ಡೆಸಿಬೆಲ್‌ಗಿಂತ ಕೆಳಗಿಳಿಯಲು ಒಪ್ಪಲಿಲ್ಲ. ಎಳೆಯನ್ನು ಎಳೆಯುವಾಗ ಕರಗಿದ ಗಾಜಿನ ಮೈಮೇಲೆ ಏಳುವ ಅಲೆಗಳು ಹೆಪ್ಪುಗಟ್ಟಿ ಉಂಟಾಗುವ ಒರಟುತನ ಅದು, ಉಜ್ಜಿ ತೆಗೆಯುವಂಥದ್ದಲ್ಲ.

ಹೀಗಾಗಿ ಬೆಳಕು ಗಾಜನ್ನು ಮುಟ್ಟುವುದನ್ನೇ ಕಡಿಮೆ ಮಾಡುವ ವಿನ್ಯಾಸ ಬೇಕಾಯಿತು. ಇಂದಿನ ಟೊಳ್ಳು ಫೈಬರಿನ ಕತ್ತರಿಸಿದ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಖಾಲಿ ನಡುಭಾಗದ ಸುತ್ತ ಹೊರಗೋಡೆಗೆ ಅಂಟಿದ ತೆಳು ಗಾಜಿನ ಕೊಳವೆಗಳು, ಪ್ರತಿಯೊಂದರೊಳಗೆ ಇನ್ನೂ ಚಿಕ್ಕ ಕೊಳವೆಗಳು ಕಾಣುತ್ತವೆ. ಪಕ್ಕಪಕ್ಕದ ಕೊಳವೆಗಳು ಒಂದಕ್ಕೊಂದು ತಾಗುವುದಿಲ್ಲ. ಕೊಳವೆಯ ಗೋಡೆಯ ದಪ್ಪ ಸುಮಾರು ಅರ್ಧ ಮೈಕ್ರೋಮೀಟರ್, ಮತ್ತು ಇಡೀ ರಹಸ್ಯವಿರುವುದು ಈ ದಪ್ಪದಲ್ಲೇ. ಗೋಡೆಯೊಳಗೆ ಅನುರಣಿಸುವ, ಅಂದರೆ ಅದರ ದಪ್ಪಕ್ಕೆ ಸರಿಹೊಂದಿ ಒಳಗೆ ಹಿಂದೆಮುಂದೆ ಪುಟಿದು ಬಲಗೊಳ್ಳುವ, ತರಂಗಾಂತರದ ಬೆಳಕು ಅದನ್ನು ದಾಟಿ ಹೊರಗೆ ಹೋಗುತ್ತದೆ. ಅನುರಣನದಿಂದ ದೂರವಿರುವ ತರಂಗಾಂತರಗಳಲ್ಲಿ ಗೋಡೆಯ ಎರಡೂ ಮೈಗಳಿಂದ ಮರಳುವ ಅಲೆಗಳು ಒಂದನ್ನೊಂದು ಬಲಪಡಿಸಿ ಬೆಳಕನ್ನು ನಡುವಿನ ಗಾಳಿಗೇ ತಳ್ಳುತ್ತವೆ. ಒಂದು ಗೋಡೆಯನ್ನು ದಾಟಿದ ಅಲ್ಪ ಬೆಳಕನ್ನು ಅದರ ಹಿಂದಿನ ಗೋಡೆ ತಡೆಯುತ್ತದೆ. ಇಷ್ಟು ತೆಳುವಾದ ಗಾಜು ಕೇವಲ ತನ್ನ ದಪ್ಪದ ಬಲದಿಂದ ಕನ್ನಡಿಯಾಗುವುದು ನನಗೆ ಈ ಕ್ಷೇತ್ರದ ಅತ್ಯಂತ ಸುಂದರ ಸಂಗತಿಗಳಲ್ಲಿ ಒಂದು.

ಸೌತಾಂಪ್ಟನ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಇಂಥ ಫೈಬರಿನ ನಷ್ಟ ಕಿಲೋಮೀಟರಿಗೆ 0.091 ಡೆಸಿಬೆಲ್. 0.14 ಡೆಸಿಬೆಲ್ ನಷ್ಟದ ಗಾಜಿನಲ್ಲಿ ಬೆಳಕಿನ ಶಕ್ತಿ ಸುಮಾರು 21 ಕಿಲೋಮೀಟರಿಗೆ ಅರ್ಧವಾದರೆ, ಇದರಲ್ಲಿ ಅರ್ಧವಾಗಲು ಸುಮಾರು 33 ಕಿಲೋಮೀಟರ್ ಬೇಕು. ಸಮುದ್ರದಾಳದ ಕೇಬಲ್‌ಗಳಲ್ಲಿ, ಕ್ಷೀಣಿಸಿದ ಸಂಕೇತವನ್ನು ಬಲಪಡಿಸುವ ವರ್ಧಕಗಳನ್ನು ಇನ್ನಷ್ಟು ದೂರ ದೂರ ಇಡಬಹುದು ಎಂಬ ಆಸೆ ಹುಟ್ಟಿರುವುದು ಇದರಿಂದ. ಶಕ್ತಿ ಹೆಚ್ಚಿದಂತೆ ಗಾಜು ಸಂಕೇತವನ್ನು ವಿರೂಪಗೊಳಿಸುತ್ತದೆ. ಗಾಳಿಯಲ್ಲಿ ಆ ತೊಂದರೆ ತೀರಾ ಕಡಿಮೆಯಾದ್ದರಿಂದ ಪ್ರಬಲ ಲೇಸರ್ ಕಿರಣಗಳನ್ನು ಒಯ್ಯಲೂ ಈ ಫೈಬರ್ ಯೋಗ್ಯ.

ಹಾಗೆಂದು ಈಗಿರುವ ಕೇಬಲ್‌ಗಳ ಜಾಗಕ್ಕೆ ಇದು ನಾಳೆಯೇ ಬರುವುದಿಲ್ಲ. ಕೊಳವೆಗಳ ಆಕಾರ ಕೆಡದಂತೆ ಬಹು ಉದ್ದಕ್ಕೆ ಎಳೆಯುವುದು, ಗಾಜಿನ ಫೈಬರಿಗೆ ನಷ್ಟವಿಲ್ಲದೆ ಬೆಸೆಯುವುದು, ತುದಿಗಳಿಂದ ತೇವಾಂಶ ಒಳನುಗ್ಗದಂತೆ ಮುಚ್ಚುವುದು, ಇವೆಲ್ಲ ಕಷ್ಟದ ಕೆಲಸಗಳೇ.

ಪ್ರಶ್ನೆ: ಇದರಿಂದ ಮನೆಯ ಇಂಟರ್‌ನೆಟ್ ವೇಗವಾಗುವುದೇ?

ಉತ್ತರ: ನೀವು ಡೌನ್‌ಲೋಡ್ ವೇಗವನ್ನು ಕೇಳುತ್ತಿದ್ದರೆ, ಅದನ್ನು ನಿರ್ಧರಿಸುವುದು ಬೇರೆ ಸಂಗತಿಗಳು. ಟೊಳ್ಳು ಫೈಬರ್ ಕಡಿಮೆ ಮಾಡುವುದು ಸಂಕೇತ ತಲುಪುವ ವಿಳಂಬವನ್ನು. ಗಾಜಿನಲ್ಲಿ ಬೆಳಕಿನ ವೇಗ ನಿರ್ವಾತದ ವೇಗದ ಸುಮಾರು ಮೂರನೇ ಎರಡು ಭಾಗ ಮಾತ್ರ. ಹಾಗಾಗಿ 1000 ಕಿಲೋಮೀಟರ್ ದಾಟಲು ಗಾಜಿನಲ್ಲಿ 5 ಮಿಲಿಸೆಕೆಂಡಿನಷ್ಟು ಹಿಡಿದರೆ ಗಾಳಿಯಲ್ಲಿ ಸುಮಾರು 3.3 ಮಿಲಿಸೆಕೆಂಡ್ ಸಾಕು. ವೀಡಿಯೋ ನೋಡುವವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ ಡೇಟಾ ಕೇಂದ್ರಗಳಿಗೆ ಮತ್ತು ಷೇರು ವಹಿವಾಟಿನ ಕಂಪ್ಯೂಟರ್‌ಗಳಿಗೆ ಅದು ದೊಡ್ಡದು.