ರೇಡಾರ್ ಕಂಬದ ಬುಡಕ್ಕೆ ನಾಲ್ಕು ಬೋಲ್ಟ್ ಸಾಲದು

ಬೇಸಿಗೆ ಬಂತೆಂದರೆ ಗೋಲ್ಡನ್ ಗೇಟ್ ಕಡೆಯಿಂದ ಮಂಜು ಒಳಗೆ ನುಗ್ಗುತ್ತದೆ. ಅದರ ಬೆನ್ನಿಗೇ ನನಗೆ ಅವೇ ಪ್ರಶ್ನೆಗಳು ಬರುತ್ತವೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಹಳೆಯ ಹಾಯಿದೋಣಿ ಇಟ್ಟುಕೊಂಡಿರುವ ಕನ್ನಡದ ಗೆಳೆಯರು ಕೇಳುವ ಪ್ರಶ್ನೆಗಳು. ರೇಡಾರ್ ಅಂದರೇನು, ಯಾಕೆ ಬೇಕು ಎಂದು ಇಲ್ಲಿ ಹೇಳುವುದಿಲ್ಲ. ದೋಣಿ ನಡೆಸುವವರಿಗೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: ನನ್ನದು 34 ಅಡಿಯ ಫೈಬರ್ ದೋಣಿ. ಹಿಂಬದಿಯ ಡೆಕ್ (ದೋಣಿಯ ಮೇಲಿನ ಹಾಸು) ಮೇಲೆ ಕಂಬ ನಿಲ್ಲಿಸಿ ರೇಡಾರ್ ಕೂರಿಸಬೇಕು. ಬುಡದ ಪ್ಲೇಟಿಗೆ ನಾಲ್ಕು ಬೋಲ್ಟ್, ಸುತ್ತ ಸಿಲಿಕಾನ್ ಹಾಕಿದರೆ ಸಾಕು ಅಂತ ಪಕ್ಕದ ದೋಣಿಯವರು ಹೇಳಿದರು. ಸಾಕಾ?

ಉತ್ತರ: ಸಾಕಾಗೋದಿಲ್ಲ. ಈ ಸಲಹೆ ಕೇಳಿ ಕೇಳಿ ನನಗೆ ಸಿಟ್ಟು ಬಂದಿದೆ. ಹೇಳಿದವರು ಯಾರೂ ಆ ಡೆಕ್ ರಿಪೇರಿ ಮಾಡಲು ಬರುವುದಿಲ್ಲ.

ಗೊನೆ ಬಿಟ್ಟ ಬಾಳೆಗಿಡ ನೆನಪಿಸಿಕೊಳ್ಳಿ. ಬುಡಕ್ಕೆ ಎಷ್ಟು ಮಣ್ಣು ಏರಿಸಿದರೂ ಅದು ನಿಲ್ಲುವುದಿಲ್ಲ, ಊರುಗೋಲು ಕೊಡಬೇಕು. ಕಂಬವೂ ಹಾಗೇ. ಈಗಿನ ಸಣ್ಣ ರೇಡಾರ್ ಐದಾರು ಕಿಲೋ ಇರುತ್ತದೆ, ಅದರ ತೂಕ ದೊಡ್ಡದಲ್ಲ. ಆದರೆ ಅದು ಡೆಕ್‌ನಿಂದ ಎಂಟೊಂಬತ್ತು ಅಡಿ ಮೇಲೆ ಕೂತು, ದೋಣಿ ಹೊರಳಿದ ಹಾಗೆಲ್ಲ ಆಡುತ್ತದೆ. ಅದಕ್ಕಿಂತ ಜಾಸ್ತಿ ಪೆಟ್ಟು ಕೊಡುವುದು ಮನುಷ್ಯರ ಕೈ. ದಡಕ್ಕೆ ಹೋಗಿಬರುವ ಪುಟ್ಟ ದೋಣಿ ಡಿಂಗಿಯಿಂದ ಹತ್ತುವವರು ಮೊದಲು ಹಿಡಿಯುವುದೇ ಆ ಕಂಬ. ಬುಡದ ಪ್ಲೇಟ್ 15 ಸೆಂ.ಮೀ. ಅಗಲ ಅಂದುಕೊಳ್ಳಿ. ಒಂದೂವರೆ ಮೀಟರ್ ಎತ್ತರದಲ್ಲಿ ಯಾರೋ 20 ಕಿಲೋದಷ್ಟು ಎಳೆದರೆ, ಬೋಲ್ಟ್‌ಗಳ ಮೇಲೆ ಬೀಳುವ ಎಳೆತ ಹತ್ತು ಪಟ್ಟು, ಅಂದರೆ ಸುಮಾರು 200 ಕಿಲೋ. ಡೆಕ್ ಬಿರುಕು ಬಿಡದೆ ಇನ್ನೇನು ಮಾಡುತ್ತದೆ?

ಹಾಗಾಗಿ ಕಂಬಕ್ಕೆ ಎರಡು ಆಸರೆ ಪೈಪ್ ಬೇಕೇ ಬೇಕು. ಮೇಲಿನಿಂದ ನೋಡಿದರೆ ಎರಡರ ನಡುವೆ 90 ಡಿಗ್ರಿಯ ಆಸುಪಾಸು ಇರಲಿ. ಒಂದು ದೋಣಿಯ ಉದ್ದಕ್ಕೆ, ಒಂದು ಅಡ್ಡಕ್ಕೆ. ಕಂಬದ ಅರ್ಧಕ್ಕಿಂತ ಮೇಲೆ ಹಿಡಿಯಬೇಕು, ಎಷ್ಟು ಮೇಲೆ ಹಿಡಿದರೆ ಅಷ್ಟು ಒಳ್ಳೆಯದು. ಒಂದೇ ಆಸರೆ ಹಾಕಿದರೆ ಕಂಬ ಇನ್ನೊಂದು ದಿಕ್ಕಿಗೆ ಅಲ್ಲಾಡುತ್ತಲೇ ಇರುತ್ತದೆ, ಕೊನೆಗೆ ಬುಡದ ವೆಲ್ಡಿಂಗ್ ಸೀಳುತ್ತದೆ. ಆಸರೆಯನ್ನು ಹಿಂಬದಿಯ ರೇಲಿಂಗ್‌ಗೆ ಕಟ್ಟಿ ಸುಮ್ನೆ ಆಗುವವರೂ ಇದ್ದಾರೆ. ಆ ರೇಲಿಂಗನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಅದೇ ಅಲುಗಾಡಿದರೆ ಕಂಬವನ್ನು ಏನು ಹಿಡಿದೀತು?

ಇನ್ನು ಡೆಕ್. ಹಳೆಯ ಫೈಬರ್ ದೋಣಿಗಳ ಡೆಕ್ ಒಳಗೆ, ಎರಡು ಫೈಬರ್ ಪದರಗಳ ನಡುವೆ, ಎಷ್ಟೋ ಕಡೆ ಬಾಲ್ಸಾ ಎಂಬ ಹಗುರ ಮರ ಇರುತ್ತದೆ. ನಾನು ಕೊಂಡ ಒಂದು ದೋಣಿಯಲ್ಲಿ ಹಿಂದೆ ಯಾರೋ ಮರದ ಸ್ಕ್ರೂ, ಸಿಲಿಕಾನ್ ಹಾಕಿ ಕಂಬ ನಿಲ್ಲಿಸಿದ್ದರು. ಚಳಿಗಾಲದ ಮಳೆನೀರು ತೂತಿನಿಂದ ಇಳಿದು ಮರ ಕೊಳೆತಿತ್ತು. ಒಂದೇ ಕೈಯಲ್ಲಿ ತಳ್ಳಿದರೆ ಕಂಬ ವಾಲುತ್ತಿತ್ತು. ಎರಡಡಿ ಚೌಕದಷ್ಟು ಡೆಕ್ ಕತ್ತರಿಸಿ ಹೊಸದಾಗಿ ಕಟ್ಟಬೇಕಾಯಿತು. ಅಂದಿನಿಂದ ಡೆಕ್ ತಟ್ಟಿ ನೋಡದೆ ಡ್ರಿಲ್ ಮುಟ್ಟುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಕ್ ಟಕ್ ಅಂದರೆ ಸರಿ. ಬದ್ ಬದ್ ಅಂದರೆ ಕಂಬದ ಯೋಚನೆ ಬಿಟ್ಟು ಮೊದಲು ಡೆಕ್ ಸರಿ ಮಾಡಿಸಿ.

8 ಮಿ.ಮೀ. ಬೋಲ್ಟಿಗೆ ನಾನು ಮೊದಲು 16 ಮಿ.ಮೀ. ತೂತು ಕೊರೆಯುತ್ತೇನೆ. ಮೇಲಿನ ಪದರ, ಮರ ಎರಡನ್ನೂ ದಾಟಿ, ಕೆಳಗಿನ ಪದರ ಉಳಿಯುವ ಹಾಗೆ. ಅದರಲ್ಲಿ ಗಟ್ಟಿ ಎಪಾಕ್ಸಿ ಅಂಟು ತುಂಬಿ, ಮರುದಿನ ಅದರ ನಡುವೆ 8 ಮಿ.ಮೀ. ಕೊರೆಯುತ್ತೇನೆ. ಆಮೇಲೆ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ತೂತಿನ ಬಾಯಿಯನ್ನು ಸ್ವಲ್ಪ ಅಗಲ ಮಾಡಿ ನೀರು ತಡೆಯುವ ಮೆತ್ತನೆಯ ಬ್ಯೂಟೈಲ್ ಟೇಪ್ ಸುತ್ತಿ. ಕೆಳಗೆ ಬುಡದ ಪ್ಲೇಟಿಗಿಂತ ದೊಡ್ಡದಾದ 6 ಮಿ.ಮೀ. ದಪ್ಪದ ಪ್ಲೇಟ್ ಕೊಡಿ. ಬರೀ ವಾಷರ್ ಹಾಕಬೇಡಿ. ಅಲ್ಯೂಮಿನಿಯಂ ಕಂಬಕ್ಕೆ ಸ್ಟೀಲ್ ಬೋಲ್ಟ್ ನೇರವಾಗಿ ತಾಗಬಾರದು, ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಸವೆದು ಪುಡಿಯಾಗುತ್ತದೆ. ನಡುವೆ ನೈಲಾನ್ ತುಂಡು ಇರಲಿ. ಇಷ್ಟೆಲ್ಲ ಮಾಡುವ ಮೊದಲು ಕಂಬದ ಜಾಗದಲ್ಲಿ ಒಂದು ಕೋಲು ಕಟ್ಟಿ, ಬೂಮನ್ನು (ಹಾಯಿಯ ಕೆಳಅಂಚಿನ ಅಡ್ಡಕೋಲು) ಎರಡೂ ಕಡೆ ತಿರುಗಿಸಿ ನೋಡಿ. ಜೈಬ್ ಆಗುವಾಗ, ಅಂದರೆ ಹಿಂದಿನಿಂದ ಗಾಳಿ ಬೀಸಿ ಹಾಯಿ ಒಂದು ಬದಿಯಿಂದ ಇನ್ನೊಂದಕ್ಕೆ ಹೊರಳುವಾಗ, ಬೂಮ್ ಮೇಲೆದ್ದು ಬರುತ್ತದೆ, ಅದಕ್ಕೂ ಜಾಗ ಬೇಕು.

ಪ್ರಶ್ನೆ: ರೇಡಾರನ್ನು ಮಾಸ್ಟ್ (ಹಾಯಿ ಕಟ್ಟುವ ದೊಡ್ಡ ಕಂಬ) ಮೇಲೆ ಹಾಕಿದರೆ ತುಂಬ ದೂರ ಕಾಣುತ್ತದಲ್ವಾ?

ಉತ್ತರ: ಕಾಣುತ್ತದೆ, ತುಂಬ ಅಲ್ಲ. ನೀರಿನಿಂದ 4 ಮೀಟರ್ ಎತ್ತರದ ರೇಡಾರ್ 25 ಮೀಟರ್ ಎತ್ತರದ ಹಡಗನ್ನು ಸುಮಾರು 15 ನಾಟಿಕಲ್ ಮೈಲಿಯಿಂದ ಹಿಡಿಯಬಲ್ಲದು. 9 ಮೀಟರ್‌ನಿಂದ 17 ಮೈಲಿ ಚಿಲ್ಲರೆ. ಮಂಜಿನಲ್ಲಿ ನೀವು ನೋಡುವುದು ಮೂರು ಮೈಲಿಯ ಒಳಗಿನ ಮೀನು ದೋಣಿಯನ್ನು. ಕೆಳಗಿದ್ದರೆ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ರಿಪೇರಿಗೆ ಮಾಸ್ಟ್ ಹತ್ತಬೇಕಿಲ್ಲ. ಒಂದು ಮಾತು ಮಾತ್ರ ಮರೆಯಬೇಡಿ. ರೇಡಾರ್ ಕಿರಣ ಮೇಲೆ ಕೆಳಗೆ ಹರಡುವುದು ಸುಮಾರು 25 ಡಿಗ್ರಿ. ಗಾಳಿಗೆ ದೋಣಿ 20 ಡಿಗ್ರಿ ವಾಲಿದರೆ ಒಂದು ಬದಿಯಲ್ಲಿ ಅದು ಆಕಾಶ ನೋಡುತ್ತದೆ. ಹಾಯಿ ಇಳಿಸಿಯೋ, ರೀಫ್ ಮಾಡಿಯೋ (ಹಾಯಿ ಮಡಚಿ ಚಿಕ್ಕದು ಮಾಡಿ) ದೋಣಿಯನ್ನು ನೆಟ್ಟಗೆ ಮಾಡಿ, ಆಮೇಲೆ ಪರದೆ ನಂಬಿ.

ಪ್ರಶ್ನೆ: ಅದೇ ಕಂಬಕ್ಕೆ ಗಾಳಿ ಟರ್ಬೈನ್ ಹಾಕಬಹುದಾ?

ಉತ್ತರ: ಬೇಡ.

ಪ್ರಶ್ನೆ: ರೇಡಾರ್‌ನ ಕೇಬಲ್ ಉದ್ದ ಜಾಸ್ತಿಯಾಯಿತು, ಕತ್ತರಿಸಿ ಜೋಡಿಸಲಾ?

ಉತ್ತರ: ಕತ್ತರಿಸಬೇಡಿ. ಉಳಿದದ್ದನ್ನು ಒಳಗೆ ಸುತ್ತಿಡಿ.

ಪ್ರಶ್ನೆ: ಎಐಎಸ್ (ಹಡಗುಗಳು ತಮ್ಮ ಹೆಸರು, ಜಾಗವನ್ನು ರೇಡಿಯೊದಲ್ಲಿ ತಾವೇ ಸಾರುವ ಸಾಧನ) ಇದ್ದರೆ ರೇಡಾರ್ ಯಾಕೆ?

ಉತ್ತರ: ಎಐಎಸ್ ಹಾಕದ ದೋಣಿ, ದಾರಿಯ ಗುರುತಿಗೆ ತೇಲಬಿಟ್ಟ ಬೋಯೆ, ದಡದ ಬಂಡೆ ನಿಮಗೆ ಸಿಗ್ನಲ್ ಕಳಿಸುವುದಿಲ್ಲ.

ಪ್ರಶ್ನೆ: ಕಂಬ ಹಾಕಿಸಿದ್ದಾಯಿತು. ಈ ವಾರ ಮಂಜಿದ್ದರೂ ಕೊಲ್ಲಿಯ ಹೊರಗೆ ಕಡಲಲ್ಲಿರುವ ಫ್ಯಾರಲನ್ ದ್ವೀಪಗಳ ಕಡೆ ಹೊರಡಬಹುದಾ?

ಉತ್ತರ: ದಯವಿಟ್ಟು ಹೊರಡಬೇಡಿ. 2007ರ ನವೆಂಬರ್‌ನಲ್ಲಿ ಕಾಸ್ಕೊ ಬುಸಾನ್ ಎಂಬ ಕಂಟೇನರ್ ಹಡಗು ಮಂಜಿನಲ್ಲಿ ಇಲ್ಲಿನ ಬೇ ಬ್ರಿಡ್ಜ್‌ಗೆ ತಾಗಿ, ಕೊಲ್ಲಿಗೆ 50 ಸಾವಿರ ಗ್ಯಾಲನ್‌ಗೂ ಜಾಸ್ತಿ ಎಣ್ಣೆ ಚೆಲ್ಲಿತು. ಅದರಲ್ಲಿ ರೇಡಾರ್ ಇತ್ತು, ಕೊಲ್ಲಿಯ ದಾರಿ ಬಲ್ಲ ಪೈಲಟ್ ಕೂಡ ಇದ್ದರು. ನೀವು ಮೊದಲು ಬಿಸಿಲಿರುವ ಹತ್ತು ದಿನ ರೇಡಾರ್ ಹಾಕಿಕೊಂಡು ಓಡಾಡಿ. ಪರದೆಯ ಪ್ರತಿ ಚುಕ್ಕೆ ಯಾವುದು ಎಂದು ಕಣ್ಣಲ್ಲಿ ನೋಡಿ ಗುರುತಿಸಿ. ಎದುರಿಗೆ ಇರುವ ಬೋಯೆ ಪರದೆಯಲ್ಲೂ ನೇರ ಎದುರಿಗೇ ಬರುತ್ತದಾ ನೋಡಿ. ಇಲ್ಲದಿದ್ದರೆ ಸೆಟ್ಟಿಂಗ್‌ನಲ್ಲಿ ದಿಕ್ಕು ಸರಿಪಡಿಸಿ. ಜೊತೆಗೆ ವಿಎಚ್‌ಎಫ್ ರೇಡಿಯೊದ 14ನೇ ಚಾನೆಲ್ ಕೇಳುತ್ತಾ ಇರಿ. ಯಾವ ಹಡಗು ಯಾವ ಕಡೆ ಹೊರಟಿದೆ ಎಂದು ಅಲ್ಲಿ ತಿಳಿಯುತ್ತದೆ.