ಸಂಪಾದಕರ ಉತ್ತರ: ಮೇಫ್ಲವರ್ ಇರ್ಲಿ ಮೇಷ್ಟ್ರೇ, ಮೊದ್ಲು ತಂಬಾಕಿನ ಸಭೆ ನೋಡಿ

ಪಿರಿಯಾಪಟ್ಟಣದಿಂದ ನಿವೃತ್ತ ಮೇಷ್ಟ್ರೊಬ್ರು ಉದ್ದದ ಪತ್ರ ಬರೆದಿದಾರೆ. ಅಮೆರಿಕದ ಸ್ವಯಮಾಡಳಿತ ಶುರುವಾಗಿದ್ದು 1619ರಲ್ಲಿ ಜೇಮ್ಸ್‌ಟೌನಲ್ಲಿ ಸೇರಿದ ಪ್ರತಿನಿಧಿಗಳ ಸಭೆಯಿಂದ ಅಂದ ಹೋದ ಸಂಚಿಕೆ ಲೇಖನ ಅವರಿಗೆ ಹಿಡಿಸಿಲ್ಲ. ಅಮೆರಿಕದಲ್ಲಿ ಸ್ವಯಮಾಡಳಿತಕ್ಕೆ ಬುನಾದಿ ಹಾಕಿದ್ದು 1620ರಲ್ಲಿ ಇಂಗ್ಲೆಂಡಿಂದ ಹೋದ ಮೇಫ್ಲವರ್ ಹಡಗಿನ ದೈವಭಕ್ತರು, ದುಡ್ಡಿನಾಸೆಗೆ ವರ್ಜೀನಿಯಾಕ್ಕೆ ಹೋದ ಜೇಮ್ಸ್‌ಟೌನ್ ಜನಕ್ಕೆ ಆ ಕ್ರೆಡಿಟ್ ಯಾಕೆ ಕೊಟ್ರಿ, ಮಕ್ಕಳಿಗೆ ಯಾವ ಆದರ್ಶ ಹೇಳ್ಕೊಡೋಣ ಅಂತ ಕೇಳಿದಾರೆ.

ಮೇಷ್ಟ್ರೇ, ಮೇಫ್ಲವರ್‌ನವರಿಗೆ ನನ್ನದೂ ಒಂದು ನಮಸ್ಕಾರ. 41 ಗಂಡಸರು ಹಡಗಲ್ಲೇ ಕೂತು, ನಾವೆಲ್ಲ ಸೇರಿ ಕಾನೂನು ಮಾಡ್ಕೊಂಡು ಅದಕ್ಕೆ ತಲೆಬಾಗ್ತೀವಿ ಅಂತ ಸಹಿ ಹಾಕಿದ್ದು ಸಣ್ಣ ವಿಷಯ ಅಲ್ಲ, ಆ ಚಳಿಗಾಲದಲ್ಲಿ ಅರ್ಧ ಜನ ಸತ್ತೂ ಹೋದ್ರು. ಆದ್ರೆ ಅದೂ ಬರೀ ಭಕ್ತಿಯಿಂದ ಹುಟ್ಟಿದ್ದಲ್ಲ. ಅವರ ಹತ್ರ ಇದ್ದ ಪರವಾನಗಿ ಬೇರೆ ಜಾಗದ್ದು, ಹಡಗು ನಿಂತಿದ್ದು ಅದಕ್ಕಿಂತ ಉತ್ತರದ ಕೇಪ್ ಕಾಡ್ ಅನ್ನೋ ಕರಾವಳಿ ಹತ್ರ, ಇಲ್ಲಿ ನಮಗೆ ಯಾರೂ ಆರ್ಡರ್ ಮಾಡೋ ಹಾಗಿಲ್ಲ ಅಂತ ಕೆಲವರು ಗೊಣಗೋಕೆ ಶುರು ಮಾಡಿದ್ರು, ಆ ಗಲಾಟೆ ತಣ್ಣಗೆ ಮಾಡೋಕೆ ಬರೆದ ಒಪ್ಪಂದ ಅದು.

ಈಗ ಜೇಮ್ಸ್‌ಟೌನ್‌ಗೆ ಬನ್ನಿ. 1607ರಲ್ಲಿ ಕಂಪನಿಯೊಂದು ಲಾಭಕ್ಕೆ ಅಂತ ಶುರು ಮಾಡಿದ ವಸಾಹತು. 1609-10ರ ಚಳಿಗಾಲದಲ್ಲಿ ಹಸಿವಿಗೆ, ಕಾಯಿಲೆಗೆ ನೂರಾರು ಜನ ಸತ್ತು ಸುಮಾರು 60 ಜನ ಉಳಿದ್ರು. ಆಮೇಲೆ ಮಿಲಿಟರಿ ಥರದ ಕಾನೂನು ಬಂತು, ಸಣ್ಣ ತಪ್ಪಿಗೂ ಮರಣದಂಡನೆ. ಇಂಥ ಊರಿಗೆ ಇಂಗ್ಲೆಂಡಿಂದ ಯಾರು ಹೋಗ್ತಾರೆ ಹೇಳಿ? ಕಂಪನಿಗೆ ನಷ್ಟದ ಮೇಲೆ ನಷ್ಟ. ಕೊನೆಗೆ 1618ರಲ್ಲಿ ದಾರಿ ಬದಲಾಯಿಸಿದ್ರು: ಖರ್ಚು ಹಾಕ್ಕೊಂಡು ಬಂದೋರಿಗೆ ತಲೆಗೆ 50 ಎಕರೆ, ಮಿಲಿಟರಿ ಕಾನೂನು ಬಂದ್, ಜೊತೆಗೆ ಊರೂರಿನ ಪ್ರತಿನಿಧಿಗಳ ಸಭೆ. ಜನರನ್ನ ಸೆಳೆಯೋ ಸ್ಕೀಮ್ ಅಷ್ಟೇ. ಆಗ ಕಂಪನಿ ನಡೆಸ್ತಿದ್ದ ಥಾಮಸ್ ಸ್ಮೈತ್ ಯಾರು ಗೊತ್ತಾ, ನಮ್ಮ ತಲೆ ಮೇಲೆ ಕೂತ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್! ನಮಗೆ ಯಾರೂ ಸಭೆ ಆಫರ್ ಮಾಡ್ಲಿಲ್ಲ ಬಿಡಿ.

1619ರ ಜುಲೈ 30, ಚರ್ಚಲ್ಲಿ ಸಭೆ ಸೇರ್ತು. 11 ವಸತಿಗಳಿಂದ 22 ಜನ. ಕೆಟ್ಟ ಸೆಕೆ, ಮಧ್ಯೆ ಒಬ್ಬ ಸದಸ್ಯ ತೀರ್ಕೊಂಡ, ಆಗಸ್ಟ್ 4ಕ್ಕೇ ಮುಗಿಸಿ ಎದ್ರು. ಸ್ಪೀಕರ್ ಜಾನ್ ಪೋರಿ ಬರೆದಿಟ್ಟ ವರದಿ ಉಳಿದಿದೆ, ನನಗೆ ಅದರ ಮೇಲೆ ವಿಪರೀತ ಪ್ರೀತಿ. ಅಲ್ಲಿ ಆದರ್ಶ ಹುಡುಕಿದ್ರೆ ಸಿಗೋದು ತಂಬಾಕಿನ ರೇಟು: ಒಳ್ಳೇದಕ್ಕೆ ಪೌಂಡಿಗೆ 3 ಶಿಲಿಂಗ್, ಎರಡನೇ ದರ್ಜೆಗೆ 18 ಪೆನ್ಸ್, ಅಂದ್ರೆ ಅದರರ್ಧ, ಅದಕ್ಕೂ ಲಾಯಕ್ಕಿಲ್ಲದ್ದನ್ನ ಮಾಲೀಕನ ಕಣ್ಣೆದುರೇ ಸುಡಬೇಕು. ವರ್ಜೀನಿಯಾ ತಂಬಾಕು ಬೆಳೆಯೋ ಊರಿನ ನಿಮಗೆ ಗ್ರೇಡು, ತಂಬಾಕು ಬೇಯಿಸಿ ಒಣಗಿಸೋ ಬ್ಯಾರನ್ನು, ಹರಾಜು ಕಟ್ಟೆ ಜಗಳ ನಾನು ಹೇಳ್ಕೊಡಬೇಕಾ! ಸ್ಪೀಕರ್ ಮತ್ತೆ ಸಿಬ್ಬಂದಿ ಸಂಬಳಕ್ಕೂ 16 ದಾಟಿದ ಪ್ರತಿ ಗಂಡಸೂ ಒಂದೊಂದು ಪೌಂಡ್ ತಂಬಾಕು ಕೊಡಬೇಕಾಯ್ತು.

ಅದಕ್ಕಿಂತ ಸ್ವಾರಸ್ಯ ಕ್ಯಾಪ್ಟನ್ ಜಾನ್ ಮಾರ್ಟಿನ್ ಕಥೆ. ವಸಾಹತಿನ ಕಾನೂನು ತನ್ನ ಜಮೀನಿಗೆ ಅನ್ವಯ ಆಗಲ್ಲ ಅಂತ ಕಂಪನಿ ಅವನಿಗೆ ಕೊಟ್ಟ ಸನ್ನದಲ್ಲಿ, ಅಂದ್ರೆ ಹಕ್ಕುಪತ್ರದಲ್ಲಿ, ಇತ್ತು. ಸಭೆ ಕೇಳ್ತು, ನಾವು ಮಾಡೋ ಕಾನೂನು ನಿನಗೆ ಬೇಡ ಅಂದ್ಮೇಲೆ ನಿನ್ನ ಕಡೆಯವರು ಇಲ್ಲಿ ಕೂತು ಕಾನೂನು ಮಾಡೋದ್ಯಾಕೆ? ಅವನು ಸನ್ನದು ಬಿಟ್ಟುಕೊಡಲಿಲ್ಲ, ಅವನ ಇಬ್ಬರು ಪ್ರತಿನಿಧಿಗಳನ್ನ ಸೇರಿಸಲಿಲ್ಲ. ಅದೇ ವರ್ಷ ಡಾಂಬರು, ಸೋಪಿಗೆ ಬೇಕಾದ ಬೂದಿ ಮಾಡ್ತಿದ್ದ ಪೋಲೆಂಡ್ ಕುಶಲಕರ್ಮಿಗಳೂ ತಕರಾರು ತೆಗೆದು, ಇಂಗ್ಲಿಷರಿಗಿರೋ ಹಕ್ಕು ತಮಗೂ ಕೊಡಿಸ್ಕೊಂಡ್ರು. ಇವರ ಹೆಸರು ಯಾವ ಪಠ್ಯದಲ್ಲಿ ಬರುತ್ತೆ ಮೇಷ್ಟ್ರೇ? ನಮಗೆ ಇತಿಹಾಸ ಅಂದ್ರೆ ಕ್ವಿಜ್ ಪ್ರಶ್ನೆ, ಯಾರು ಮೊದಲು, ಯಾವ ಇಸವಿ, ಫೋಟೋಗೆ ಹಾರ ಹಾಕು. ಸಭೆಯ ನಡಾವಳಿ ಓದೋರು ಯಾರೂ ಇಲ್ಲ, ಹಳ್ಳಿ ಸೊಸೈಟಿಯದನ್ನೂ ಓದಲ್ಲ, ಆಮೇಲೆ ದುಡ್ಡು ಎಲ್ಲೋಯ್ತು ಅಂತ ಕೂಗಾಡ್ತೀವಿ.

ಆ ಸಭೆಯನ್ನೂ ಪೂಜೆ ಮಾಡಿ ಅಂತ ಹೇಳ್ತಿಲ್ಲ. ಒಡೆಯನ ವಿರುದ್ಧ ನಿಂತ ಆಳೊಬ್ಬನ ಕಿವಿಗೆ ಮೊಳೆ ಹೊಡೆದು ನಾಲ್ಕು ದಿನ ಕಂಬಕ್ಕೆ ನಿಲ್ಸಿ, ದಿನಾ ಚಾಟಿಯೇಟು ಕೊಡಿ ಅಂದಿದ್ದೂ ಅದೇ ಸಭೆ. ಸಭೆ ಮುಗಿದ ಅದೇ ಆಗಸ್ಟ್ ಕೊನೆಗೆ, ಸೆರೆಹಿಡಿದ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನ ಹೊತ್ತ ಹಡಗು ವರ್ಜೀನಿಯಾದ ಪಾಯಿಂಟ್ ಕಂಫರ್ಟ್‌ಗೆ ಬಂತು. 1662ರಲ್ಲಿ ಇದೇ ವರ್ಜೀನಿಯಾ ಸಭೆ, ತಾಯಿ ಗುಲಾಮಳಾದ್ರೆ ಹುಟ್ಟೋ ಮಗುವೂ ಗುಲಾಮ ಅಂತ ಕಾನೂನು ಮಾಡ್ತು. ಸಂತರ ಕಥೆ ಕಟ್ಟಿದ್ರೆ ಇದನ್ನೆಲ್ಲ ಎಲ್ಲಿ ಇಡ್ತೀರಿ?

ನವೆಂಬರ್ ಸಂಚಿಕೆಗೆ ಮೇಫ್ಲವರ್ ಬಗ್ಗೆ ಬರೆಸಿ ಅಂದ್ರಿ. ನೀವೇ ಬರೀರಿ, ಎರಡು ಪುಟ ಖಾಲಿ ಇಡ್ತೀನಿ. ಆದ್ರೆ ಹಡಗಲ್ಲಿ ಗೊಣಗಿದವರನ್ನ ಬಿಟ್ಟು ಕಳಿಸಿದ್ರೆ ವಾಪಸ್ ಕಳಿಸ್ತೀನಿ.

- ಸಂ.