ಸೋತ ಸೀಸನ್ನಿನ ಭಾರವೆಲ್ಲ ಒಬ್ಬನ ತಲೆ ಮೇಲೆ

(ಹುಡುಗನ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ ಇಪ್ಪತ್ತು ವರ್ಷ. ಅಪ್ಪ ಅಮ್ಮ ದಾವಣಗೆರೆ ಕಡೆಯವರು, ಇವನು ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲೇ ಒಂದು ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಾ ಫುಟ್‌ಬಾಲ್ ತಂಡದಲ್ಲಿ ಕಿಕ್ಕರ್, ಅಂದರೆ ಚೆಂಡು ಒದೆಯುವವನು, ಆಗಿದ್ದ. ನಮ್ಮೂರಿನ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಆಡುವ ಅಲ್ಲಿಯದು. ಸ್ಕಾಲರ್‌ಶಿಪ್ ಇಲ್ಲ, ಫೀಸು ಅಪ್ಪನದೇ. ಮುಂದಿನ ವರ್ಷ ಕೊಡಿಸುತ್ತೇನೆ ಎಂದಿದ್ದ ಹಳೇ ಕೋಚ್‌ನನ್ನು ಕಾಲೇಜು ಮನೆಗೆ ಕಳಿಸಿತು. ಹೊಸ ಹೆಡ್ ಕೋಚ್ ಕೈಕೆಳಗೆ 12 ಪಂದ್ಯಗಳಲ್ಲಿ ಗೆದ್ದದ್ದು ಎರಡೇ.

“ಊಟ ಸೇರ್ತಿಲ್ಲ ಮೇಡಂ, ರಾತ್ರಿಯೆಲ್ಲ ಫೋನ್ ನೋಡ್ಕೊಂಡು ಕೂತಿರ್ತಾನೆ” ಎಂದು ತಾಯಿ ಅವನನ್ನು ಆಪ್ತಸಲಹೆಗೆಂದು ನನ್ನ ಬಳಿ ಕರೆದುಕೊಂಡು ಬಂದರು.

ಅವನ ತಲೆಯಲ್ಲಿ ಇದ್ದದ್ದು ಒಂದೇ ಒದೆತ. ಕೊನೆಯ ಕ್ಷಣ, 41 ಗಜದ ಫೀಲ್ಡ್ ಗೋಲ್, ಅಂದರೆ ಅಷ್ಟು ದೂರದಿಂದ ಎರಡು ಕಂಬಗಳ ನಡುವೆ ಚೆಂಡನ್ನು ಒದೆಯಬೇಕು. ಹೋಗಿದ್ದರೆ 3 ಪಾಯಿಂಟ್ ಸಿಕ್ಕಿ ತಂಡ ಗೆಲ್ಲುತ್ತಿತ್ತು. ಚೆಂಡು ಕಂಬದ ಬಲಕ್ಕೆ ಹೋಯಿತು. “ಅಲ್ಲಿಂದಾನೇ ಎಲ್ಲ ಕೆಟ್ಟಿದ್ದು ಆಂಟಿ. ಕೋಚ್ ಹೆಸರೂ ನನ್ನಿಂದಾನೇ ಹೋಯ್ತು.”

ನಿನ್ನ ತಪ್ಪೇನಿಲ್ಲ ಬಿಡು ಅನ್ನಬಹುದಿತ್ತು, ಅನ್ನಲಿಲ್ಲ. ತಪ್ಪಿದ್ದು ಅವನ ಕಾಲಿನಿಂದಲೇ, ಅದು ಅವನಿಗೂ ಗೊತ್ತು. ಸುಳ್ಳು ಸಮಾಧಾನ ಹೇಳುವವರನ್ನು ಈ ವಯಸ್ಸಿನವರು ಎರಡನೇ ಸಲ ನಂಬುವುದಿಲ್ಲ. ಬದಲಿಗೆ, ಆ ಒಂದು ಕಿಕ್‌ನಲ್ಲಿ ಏನೇನು ನಡೆಯುತ್ತದೆ ಹೇಳು ಎಂದೆ. ಮೊದಲ ಬಾರಿಗೆ ನೆಟ್ಟಗೆ ಕೂತ. ಒಬ್ಬ ಕಾಲುಗಳ ನಡುವಿನಿಂದ ಚೆಂಡನ್ನು ಏಳೆಂಟು ಗಜ ಹಿಂದಕ್ಕೆ ಎಸೆಯುತ್ತಾನೆ. ಮಂಡಿಯೂರಿದ ಹೋಲ್ಡರ್ ಹಿಡಿದು ನೆಲಕ್ಕೆ ನಿಲ್ಲಿಸಿ, ಹೊಲಿಗೆಯ ದಾರ ಕಂಬದ ಕಡೆ ಬರುವ ಹಾಗೆ ತಿರುಗಿಸಬೇಕು. ಅಷ್ಟರಲ್ಲಿ ಕಿಕ್ಕರ್ ಹೆಜ್ಜೆ ಹಾಕಿಯಾಗಿರಬೇಕು. ಒಟ್ಟು ಸುಮಾರು 1.3 ಸೆಕೆಂಡು. ಹೇಳುತ್ತಾ ಹೇಳುತ್ತಾ ಅವನೇ ಮಾತು ನಿಲ್ಲಿಸಿದ. ಆ ವಾರವಷ್ಟೇ ಹೊಸ ಕೋಚ್ ಹೋಲ್ಡರ್‌ನನ್ನು ಬದಲಾಯಿಸಿದ್ದರು. ನೆಪ ಹೇಳಿದ ಹಾಗಾಗುತ್ತದೆ ಎಂದು ಇವನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಉಳಿದ ಒಂಬತ್ತು ಸೋಲುಗಳನ್ನೂ ಬರೆದು ತಾ ಎಂದು ಕಳಿಸಿದೆ. ಬರೆದು ತಂದ. ಕೋಚ್ ಬದಲಾದ ಕೂಡಲೇ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಕೊಡುವ ಪಟ್ಟಿ) ಮೂಲಕ ಅರ್ಧ ತಂಡ ಖಾಲಿಯಾಗಿತ್ತು. ಬಂದ ಹೊಸಬರಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ, ಆಟದ ಯೋಜನೆಯೂ ಹೊಸದು. ಅಲ್ಲಿನ ವೃತ್ತಿಪರ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲನ್ನು ಆರು ಸಲ ಗೆಲ್ಲಿಸಿದ ಕೋಚ್ ಬಿಲ್ ಬೆಲಿಚಿಕ್ 2025ರಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಬಂದ ಮೊದಲ ವರ್ಷ 4 ಗೆದ್ದು 8 ಸೋತದ್ದನ್ನು ಅವನೇ ನನಗೆ ಹೇಳಿದ್ದು. ನನಗೆ ಫುಟ್‌ಬಾಲ್ ಅಷ್ಟಕ್ಕಷ್ಟೇ.

ನನಗೆ ನಿಜವಾಗಿ ಗಾಬರಿಯಾದದ್ದು ಅವನ ಫೋನ್ ನೋಡಿ. ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ಕ್ರೀಡಾ ಬೆಟ್ಟಿಂಗ್‌ನ ತೀರ್ಮಾನವನ್ನು ರಾಜ್ಯಗಳಿಗೇ ಬಿಟ್ಟ ಮೇಲೆ ಅನೇಕ ಕಡೆ ಅದು ಬೆರಳ ತುದಿಗೆ ಬಂದಿದೆ. ದುಡ್ಡು ಕಳೆದುಕೊಂಡವರು ಸೀದಾ ಹುಡುಗರ ಇನ್‌ಸ್ಟಾಗ್ರಾಂಗೆ ಬಂದು ಉಗಿಯುತ್ತಾರೆ. ‘ನಿನ್ನಂಥವನು ಸತ್ತರೇ ಒಳ್ಳೇದು’ ಎನ್ನುವ ಧಾಟಿಯವು ಸಾಲುಸಾಲಾಗಿದ್ದವು. ಸುತ್ತಿಬಳಸದೆ ಕೇಳಿದೆ: ಸಾಯಬೇಕು ಅನ್ನಿಸಿದೆಯಾ? “ಇಲ್ಲ ಆಂಟಿ. ಆದ್ರೆ ಬೆಳಗ್ಗೆ ಏಳೋದೇ ಬೇಡ ಅನ್ಸುತ್ತೆ.” ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಆತ್ಮಹತ್ಯೆ ತಡೆಗಾಗಿ ಅಮೆರಿಕದಲ್ಲಿರುವ 988 ಸಹಾಯವಾಣಿಯನ್ನು ಅಲ್ಲೇ ಫೋನಿನಲ್ಲಿ ಸೇರಿಸಿಸಿದೆ, ಕ್ಯಾಂಪಸ್ಸಿನ ಆಪ್ತಸಲಹೆಗಾರರ ಬಳಿ ಅದೇ ವಾರ ಸಮಯ ಕೊಡಿಸಿದೆ. ಬೆದರಿಕೆಗಳ ಸ್ಕ್ರೀನ್‌ಶಾಟ್ ತೆಗೆದು ಕ್ರೀಡಾ ವಿಭಾಗಕ್ಕೆ ಕೊಡಬೇಕು, ಖಾತೆಯ ಪಾಸ್‌ವರ್ಡ್ ಬದಲಿಸಿ ರೂಮ್‌ಮೇಟ್ ಕೈಗೆ ಕೊಡಬೇಕು, ರಾತ್ರಿ ಫೋನ್ ಹಾಸಿಗೆಯ ಹತ್ತಿರವೂ ಬರಬಾರದು ಎಂದೆ. ಮೊದಲೆರಡನ್ನು ಮಾಡಿದ.

ಇನ್ನು ಮುಂದೇನು ಎಂಬ ಪ್ರಶ್ನೆ. ಇವನಿಗೆ ಪೋರ್ಟಲ್‌ಗೆ ಹೆಸರು ಕೊಟ್ಟು ಓಡಿಹೋಗುವ ಆತುರ. ತಂದೆಗೆ, “ಸಾಕು ಈ ಆಟ, ತೆಪ್ಪಗೆ ಡಿಗ್ರಿ ಮುಗಿಸಲಿ.” ಪೋರ್ಟಲ್ ತೆರೆದಿರುವುದು ಜನವರಿಯಲ್ಲಿ ಎರಡೇ ವಾರ, ಮೊದಲಿದ್ದ ಏಪ್ರಿಲ್ ಅವಕಾಶ ಈಗಿಲ್ಲ. ಹಾಗಾಗಿ ನಿಧಾನವಾಗಿ ಯೋಚಿಸು ಎಂದು ಹೇಳಿದರೆ ಅರ್ಥವಿರಲಿಲ್ಲ. ಎರಡು ವಿಷಯ ತಿಳಿದುಕೊಂಡು ಬಾ ಎಂದೆ. ಬೇರೆ ಕಾಲೇಜು ಈ ಎಂಜಿನಿಯರಿಂಗ್ ಕ್ರೆಡಿಟ್‌ಗಳಲ್ಲಿ ಎಷ್ಟನ್ನು ಒಪ್ಪುತ್ತದೆ? ಹೊಸ ಕೋಚ್‌ನ ಲೆಕ್ಕದಲ್ಲಿ ನೀನು ಇದ್ದೀಯಾ? ಎರಡನೆಯದನ್ನು ಅಸಿಸ್ಟೆಂಟ್ ಕೋಚ್‌ಗಳ ಬಾಯಿಂದಲ್ಲ, ಸೀಸನ್ ಮುಗಿದ ಮೇಲಿನ ಭೇಟಿಯಲ್ಲಿ ನೇರವಾಗಿ ಕೇಳಬೇಕು. ಹೋಲ್ಡರ್ ವಿಷಯವನ್ನೂ ಅಲ್ಲೇ ಹೇಳಬೇಕು, ದೂರಾಗಿ ಅಲ್ಲ, ಕೆಲಸದ ಮಾತಾಗಿ.

ಕೋಚ್ ಮುಚ್ಚುಮರೆ ಮಾಡಲಿಲ್ಲವಂತೆ. ಇನ್ನೊಬ್ಬ ಕಿಕ್ಕರ್‌ನನ್ನು ತರುತ್ತೇನೆ, ವಸಂತದ ಪ್ರ್ಯಾಕ್ಟೀಸಿನಲ್ಲಿ ಇಬ್ಬರೂ ಒದೆಯಿರಿ, ಚೆನ್ನಾಗಿ ಒದ್ದವನು ಆಡುತ್ತಾನೆ, ಸ್ಕಾಲರ್‌ಶಿಪ್ ಮಾತು ಈಗ ಬೇಡ ಅಂದರಂತೆ. ಹುಡುಗ ಉಳಿಯಲು ತೀರ್ಮಾನಿಸಿದ, ಮುಖ್ಯವಾಗಿ ಕ್ರೆಡಿಟ್‌ಗಳಿಗಾಗಿ. ನಿದ್ದೆ ಸ್ವಲ್ಪ ಸುಧಾರಿಸಿದೆ, ಸಲಹೆ ಮುಂದುವರಿದಿದೆ. ತಂದೆ ಇನ್ನೂ ಒಪ್ಪಿಲ್ಲ. ಫೋನ್ ಮಾಡಿದಾಗ ಸ್ಕೋರ್ ಕೇಳುವುದನ್ನು ಮಾತ್ರ ಬಿಟ್ಟಿದ್ದಾರೆ. ಅವರಿಗೆ ಬೇರೆಯಾಗಿ ಸಮಯ ಕೊಟ್ಟಿದ್ದೇನೆ.